ಊದಿದ ಹೆಬ್ಬೆರಳು

ಡಾಕ್ಟರ ಕೊಠಡಿಯ ಹೊರಗೆ ಚೀಟಿ ಬರೆಯುತ್ತಿದ್ದ ರಿಸೆಪ್ಶನಿಸ್ಟಳ ಕಿವಿಗೆ, ಬೇಡವೆಂದರೂ ಎದುರು ಬೆಂಚಿನ ಗಂಡಹೆಂಡಿರ ಮಾತು ಬೀಳುತ್ತಿತ್ತು. ಹೆಂಡತಿಯ ಹೆಬ್ಬೆರಳು ಊದಿತ್ತು.

“ಫೋನಲ್ಲಿ ಬಣ್ಣದ ಗೋಲಿ ಜೋಡಿಸಿ ಬೆರಳು ಊದಿಸ್ಕೊಂಡಿದ್ದೀಯಲ್ಲ! ಅದೂ ಒಂದು ಆಟಾನಾ? ಬರೀ ಟೈಂಪಾಸು.”

“ನಿಮ್ಮದು?”

“ನಾನು ಗೇಮರ್ ಕಣೇ. ಹೆಡ್‌ಫೋನು, ಕುರ್ಚಿ ಎಲ್ಲಾ ಅದಕ್ಕೇ ತಂದಿರೋದು.”

“ಆ ಕುರ್ಚಿ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿದೆ. ನಾನು ಎರಡು ವರ್ಷ ಒಂದಿನಾನೂ ತಪ್ಪದೆ ಆಡಿದ್ದೆ, ಹೆರಿಗೆ ದಿನಾನೂ. ನಿಮ್ಮ ಆಟ ಹಾಕ್ಕೊಳ್ಳೋಕೆ ಜಾಗ ಇಲ್ಲ ಅಂತ ನನ್ನ ಫೋನಿಂದ ನನ್ನ ಆಟಾನೇ ಅಳಿಸಿದ್ರಲ್ಲ!”

“ಮೊದಲಿಂದ ಆಡಿದ್ರಾಯ್ತಪ್ಪ.”

“ಆಡ್ತಾನೇ ಇದ್ದೀನಿ. ಅದಕ್ಕೇ ಊದಿರೋದು.”

ಒಳಗಿಂದ ಕರೆ ಬಂತು. ಗಂಡ ಅವಳ ಕೈಲಿದ್ದ ಫೋನಿಗೆ ಕೈ ಚಾಚಿದ. ಅವಳು ಅದನ್ನು ರಿಸೆಪ್ಶನಿಸ್ಟಳ ಮೇಜಿನ ಮೇಲಿಟ್ಟಳು.

“ಅಕ್ಕಾ, ನಾನು ಬರೋವರೆಗೂ ಇವರ ಕೈಗೆ ಕೊಡ್ಬೇಡಿ,” ಎಂದು ಒಳಗೆ ಹೋದಳು.