ದೊಡ್ಡಮ್ಮನ ಫಲಕದ ಮೇಲಿನ ಪದ

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ್ ಸಾಹೇಬರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಕೆಳಗೂ ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ನನ್ನ ಅಡುಗೆಮನೆಯವರೇ, ವಾರ್ಡುಗಳಿಂದ ಎದ್ದು ಬಂದಿರುವ ಹಿರಿಯರೇ, ಸಭಿಕರೇ, ಮತ್ತು ಹೂಗುಚ್ಛವನ್ನು ಸೊಪ್ಪಿನ ಕಟ್ಟಿನಂತೆ ತಲೆಕೆಳಗಾಗಿ ಹಿಡಿದು ಕೂತಿರುವ, ಇವತ್ತು ಮುಖ್ಯ ಅಡುಗೆಯವಳ ಕೆಲಸದಿಂದ ನಿವೃತ್ತಳಾಗುತ್ತಿರುವ ನನ್ನ ದೊಡ್ಡಮ್ಮ,

ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಇಂಥವಳಿಗೆ ಲ್ಯಾಟಿನ್ ಪದದ ಅರ್ಥ ಹೇಳುವ ಕೆಲಸ ಯಾಕೆ ಬಂತು? ಬಾಯಿ ಸುಮ್ಮನಿರದ್ದಕ್ಕೆ ಬಂತು. ಈ ಫಲಕ ಅಂಗಡಿಯಿಂದ ಬಂದ ದಿನ, "ಸಾರ್, ದೊಡ್ಡಮ್ಮನ ಹೆಸರಿನ ಕೆಳಗೆ ಇದೇನು ಕೆತ್ತಿಸಿದ್ದೀರಿ?" ಎಂದು ಡಾಕ್ಟರ್ ಸಾಹೇಬರನ್ನು ಕೇಳಿದೆ. "ಸೇಪಿಯೆನ್ಸ್. ವಿವೇಕಿ ಅಂತ ಅರ್ಥ. ಅಷ್ಟು ಕುತೂಹಲ ಇದ್ದರೆ ಸಭೆಯಲ್ಲಿ ನೀನೇ ವಿವರಿಸು" ಅಂದರು.

ಈ ಪದ ನನಗೆ ಹಳೇ ಪರಿಚಯ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಮನುಷ್ಯನ ವೈಜ್ಞಾನಿಕ ಹೆಸರು ಬರೆದಿದ್ದರು: ಹೋಮೋ ಸೇಪಿಯೆನ್ಸ್. ವಿವೇಕಿ ಮನುಷ್ಯ. "ಸಾರ್, ಈ ಹೆಸರು ಇಟ್ಟವರು ಯಾರು?" ಅಂದೆ. "ಮನುಷ್ಯರೇ ಕಣಮ್ಮ, ಇನ್ಯಾರು, ಕತ್ತೆಗಳು ಇಡ್ತಾವಾ?" ಅಂದರು. "ಹಾಗಾದ್ರೆ ಕತ್ತೆಗಳನ್ನೂ ಒಂದು ಮಾತು ಕೇಳಬೇಕಿತ್ತು ಸಾರ್" ಅಂದೆ. ಆ ಪೀರಿಯಡ್ ಪೂರ್ತಿ ಹೊರಗೆ ನಿಂತಿದ್ದೆ. ಹೊರಗೆ ಗಾಳಿ ಚೆನ್ನಾಗಿತ್ತು. ಆಮೇಲೆ ಒಳಗೆ ಹೋಗುವ ಮನಸ್ಸೇ ಕಡಿಮೆಯಾಗುತ್ತ ಬಂತು.

ಈ ಪದದ ಬೇರು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನೂ ಡಾಕ್ಟರ್ ಸಾಹೇಬರೇ ಹೇಳಿದರು. ಲ್ಯಾಟಿನ್ನಿನಲ್ಲಿ 'ಸಪೆರೆ' ಅಂದರೆ ಮೊದಲು ರುಚಿ ನೋಡುವುದು, ಆಮೇಲೆ ತಿಳಿಯುವುದು, ವಿವೇಕದಿಂದ ಇರುವುದು. ಗಂಡಸಿಗೂ ಹೆಂಗಸಿಗೂ ಅದೇ ಸೇಪಿಯೆನ್ಸ್, ರೂಪ ಬದಲಾಗುವುದಿಲ್ಲ. ಸಾಹೇಬರು ಖುಷಿಯಿಂದ ಅಂದರು: "ನಿನ್ನ ದೊಡ್ಡಮ್ಮನ ನಾಲಿಗೆಗೆ ಇದಕ್ಕಿಂತ ಒಳ್ಳೇ ಪದ ಸಿಗುತ್ತಾ? ಆ ನಾಲಿಗೆ ನಿನಗೂ ಬಂದಿದೆ. ನಾಳೆಯಿಂದ ಅಡುಗೆಮನೆ ನಿನ್ನದು."

ಸಭಿಕರೇ, ನನಗಿಂತ ಮೊದಲು ಮಾತಾಡಿದ ಎಲ್ಲರೂ ಆ ನಾಲಿಗೆಯನ್ನೇ ಹೊಗಳಿದರು. ನಾನೂ ಹೊಗಳಿ ಇಳಿದರೆ ಎಲ್ಲರಿಗೂ ಸುಖ, ನಾಳೆ ಬೆಳಿಗ್ಗೆ ಸೌಟು ನನ್ನ ಕೈಗೆ. ಆದರೆ ನಿನ್ನೆ ದೊಡ್ಡಮ್ಮನನ್ನು ಕೇಳಿದೆ, ಏನು ಹೇಳಲಿ ಅಂತ. "ಇದ್ದದ್ದು ಹೇಳು. ಹಿಟ್ಟು ಉಬ್ಬಿಸಿದ ಹಾಗೆ ನನ್ನನ್ನ ಉಬ್ಬಿಸಬೇಡ" ಅಂದಳು.

ಹಾಗಾದರೆ ಇದ್ದದ್ದು ಕೇಳಿ. ಆ ನಾಲಿಗೆಗೆ ಈಗ ರುಚಿ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರದಲ್ಲಿ ಹೋದದ್ದು ತಿರುಗಿ ಬರಲಿಲ್ಲ.

ಈ ಗುಟ್ಟು ಮೊದಲೇ ಗೊತ್ತಿದ್ದ, ಗೋಡೆಗೆ ಒರಗಿದವರು ನೆಲ ನೋಡುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತಲೆ ಎತ್ತಿ, ಯಾರೂ ಕದ್ದಿಲ್ಲ.

ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ ಅವಳು ಸೂಪಿನ ಹಂಡೆಯ ಮುಂದೆ ನಿಂತು, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. ಇನ್ನೊಂದು ತೊಟ್ಟು. ಆಮೇಲೆ ಒಂದಿಷ್ಟು ಉಪ್ಪನ್ನೇ ಬಾಯಿಗೆ ಹಾಕಿಕೊಂಡಳು. ನಮ್ಮ ಅಡುಗೆಮನೆಯಲ್ಲಿ ಒಂದು ಕಟ್ಟಳೆ: ಮುಖ್ಯ ಅಡುಗೆಯವಳ ಹೊರತು ಯಾರೂ ರುಚಿ ನೋಡುವಂತಿಲ್ಲ. ಅವಳು 'ಹೂಂ' ಅಂದರೆ ಊಟದ ಗಾಡಿ ವಾರ್ಡಿಗೆ ಹೊರಡಬೇಕು. ಅವತ್ತೂ ಒಂದು 'ಹೂಂ' ಅಂದುಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಅವಳು ಸೌಟು ಕೆಳಗಿಟ್ಟು, "ನಂಗೆ ಏನೂ ಗೊತ್ತಾಗ್ತಿಲ್ಲ ಕಣ್ರೋ. ಯಾರು ನೋಡ್ತೀರಿ?" ಅಂದಳು.

ಯಾರೂ ಅಲ್ಲಾಡಲಿಲ್ಲ. ನಾನು ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಹೋದೆ.

"ಸರಿಯಾಗಿದೆ ದೊಡ್ಡಮ್ಮ."

"ಯಾರಿಗೆ?"

"ಅಂದ್ರೆ?"

"ನಿಂಗೆ ಸರಿಯಾಗಿದೆ. ನಿಂಗೇನು ಕಾಯಿಲೆ? ನಡಿ, ಉಣ್ಣೋರನ್ನೇ ಕೇಳೋಣ."

ಅಷ್ಟು ವರ್ಷದ ಸೇವೆಯಲ್ಲಿ ಅವಳು ವಾರ್ಡಿಗೆ ಕಾಲಿಟ್ಟದ್ದು ಅವತ್ತೇ ಮೊದಲು. ವರ್ಷಗಳಿಂದ ನಮ್ಮಲ್ಲೇ ಇರುವ, ಬಾಗಿಲ ಪಕ್ಕದ ಮಂಚದ ಅಜ್ಜ ಒಂದು ಚಮಚ ಕುಡಿದು, "ನಿಜ ಹೇಳಲಾ, ಬೈಯೋದಿಲ್ಲ ತಾನೇ?" ಅಂದರು. "ಬೈಸಿಕೊಳ್ಳೋಕೇ ಬಂದಿದೀನಿ, ಹೇಳಿ." "ದಿನಾ ಇಲ್ಲಿಗೆ ಬರೋ ಹೊತ್ತಿಗೆ ಬಿಸಿ ಆರಿರುತ್ತೆ ತಾಯಿ. ಮತ್ತೆ ಈ ಕ್ಯಾರೆಟ್ ಹೋಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಉಪ್ಪಿನ ಮಾತು ಆಮೇಲೆ."

ದೊಡ್ಡಮ್ಮ ಬಾಗಿಲಲ್ಲೇ ಕೂತುಬಿಟ್ಟಳು. ಬಿಸಿ ಒಲೆಯ ಪಕ್ಕ ನಿಂತು ನೋಡಿದ ರುಚಿಯಲ್ಲಿ ಆರಿದ ಸೂಪು ಹೇಗೆ ತಿಳಿಯಬೇಕು? ಗಟ್ಟಿ ಹಲ್ಲಿಗೆ ಹೋಳಿನ ಕಷ್ಟ ಹೇಗೆ ತಿಳಿಯಬೇಕು? ಮರುದಿನದಿಂದ ಹೋಳು ಸಣ್ಣದಾಯಿತು, ಗಾಡಿಗೆ ಮುಚ್ಚಳ ಬಂತು, ದಿನಾ ಮೊದಲ ಬಟ್ಟಲು ಯಾವುದಾದರೂ ಮಂಚಕ್ಕೆ ಹೋಗಿ, ಅಲ್ಲಿಂದ 'ಹೂಂ' ಬಂದ ಮೇಲೆಯೇ ಉಳಿದದ್ದು ಹೊರಡುವುದು.

ತಟ್ಟೆಗಳು ಖಾಲಿಯಾಗಿ ಬರತೊಡಗಿದ್ದು ಯಾವಾಗಿನಿಂದ, ಸಾಹೇಬರೇ? ನೀವೇ ಈಗ ತಾನೇ ನಿಮ್ಮ ಭಾಷಣದಲ್ಲಿ ಹೇಳಿದಿರಿ, ಎರಡು ವರ್ಷದಿಂದ ಅಂತ. ಹಾಗಾಗಿ ಫಲಕದ ಮೇಲಿನ ಪದ ಸರಿಯಾಗಿದೆ ಸಾರ್. ನೀವು ಕೊಟ್ಟ ಕಾರಣ ಮಾತ್ರ ತಪ್ಪು. ಜಾಣನಿಗೆ ಮಾತಿನ ಪೆಟ್ಟು ಅನ್ನುತ್ತಾರೆ. ಆ ಪೆಟ್ಟನ್ನು ಮಂಚದಿಂದ ಮಂಚಕ್ಕೆ ಕೇಳಿ ಪಡೆದವಳನ್ನು ಏನೆನ್ನಬೇಕು? ಸೇಪಿಯೆನ್ಸ್ ಅನ್ನಿ. ಧಾರಾಳವಾಗಿ ಅನ್ನಿ.

ನನ್ನ ವಿಷಯ. ನನ್ನ ನಾಲಿಗೆ ಚೆನ್ನಾಗಿದೆ, ಸುಳ್ಳು ವಿನಯ ಬೇಡ. ಹೋದ ವಾರ ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಾ, "ನಿಂಗೆ ರುಚಿ ಚೆನ್ನಾಗಿ ಗೊತ್ತಾಗುತ್ತೆ ಮಗಳೇ, ಅದೇ ನಂಗೆ ಭಯ" ಅಂದಳು. ಸಾಹೇಬರಿಗೆ ಈ ಮಾತೆಲ್ಲ ಕೇಳಿದ ಮೇಲೂ ಸೌಟು ಕೊಡುವ ಮನಸ್ಸಿದ್ದರೆ ತೆಗೆದುಕೊಳ್ಳುತ್ತೇನೆ. ಇಲ್ಲವಾದರೆ ಪಾತ್ರೆ ತೊಳೆಯುವ ಜಾಗ ನನಗೆ ಗೊತ್ತೇ ಇದೆ.

ಪಕ್ಕದ ಕೋಣೆಯಲ್ಲಿ ಊಟ ಸಿದ್ಧವಾಗಿದೆ. ನಾನೇ ಮಾಡಿದ್ದು. ರುಚಿ ನೋಡಿದೆ, ಎಲ್ಲಾ ಸರಿಯಾಗಿದೆ ಅನ್ನಿಸಿತು. ಆದ್ದರಿಂದ, ಬಾಗಿಲ ಪಕ್ಕದ ಮಂಚದ ಅಜ್ಜ, ಎರಡನೇ ಸಾಲಿನಲ್ಲಿ ಕೂತಿದ್ದೀರಲ್ಲ, ಮೊದಲ ಬಟ್ಟಲು ನಿಮಗೆ. ನೀವು 'ಹೂಂ' ಅನ್ನುವವರೆಗೆ ಗಣ್ಯರು ದಯವಿಟ್ಟು ಕಾಯಬೇಕು.

ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ನನ್ನ ಮಾತು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞಳು. ದೊಡ್ಡಮ್ಮ, ಆ ಹೂವನ್ನು ಸ್ವಲ್ಪ ನೆಟ್ಟಗೆ ಹಿಡಿದುಕೋ. ನಮಸ್ಕಾರ.