ಮುನ್ನೂರು ಸಾಕ್ಷಿಗಳ ಬಾವಿ

ಒಂದೂರಿನಲ್ಲಿ ಅಡವೆಪ್ಪ ಎಂಬ ಸಾಹುಕಾರನಿದ್ದ. ಉಣ್ಣಲು ಉಡಲು ಕೊರತೆಯಿಲ್ಲ, ಕೊರತೆಯಿದ್ದದ್ದು ಕೀರ್ತಿಗೆ. ಊರ ದೊಡ್ಡ ಬಾವಿ ಕಟ್ಟಿಸಿದ್ದು ತನ್ನ ಮುತ್ತಜ್ಜ ಎಂದು ಅವನ ನಂಬಿಕೆ. ಅದನ್ನೇ ಪುಸ್ತಕ ಮಾಡಿಸಲು ಹೊರಟ. ನೋಡಿ, ಸುಮ್ಮನೆ ಬರೆಯಲಿಲ್ಲ, ಸಂಶೋಧನೆ ಮಾಡಿದ! ಮನೆಮನೆಗೆ ಹೋಗಿ ಕೇಳಿದ.

"ನಿಮ್ಮ ಮುತ್ತಜ್ಜಾರ ಕಟ್ಟಿಸ್ಯಾರ್ರೀ," ಎಂದರು ಎಲ್ಲರೂ. ಒಬ್ಬರಲ್ಲ, ಇಬ್ಬರಲ್ಲ, ಮುನ್ನೂರು ಜನ! ಅಡವೆಪ್ಪನ ಮೀಸೆ ತಾನಾಗಿ ಮೇಲೆದ್ದಿತು.

ಬಾವಿಯ ಬಳಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ನಿಂಬೆವ್ವನಿಗೂ ಇದನ್ನು ಹೇಳಿದ. ಆಕೆ ಸೀರೆ ಹಿಂಡುತ್ತ ಕೇಳಿದಳು: "ಅವ್ರಿಗೆ ಯಾರು ಹೇಳಿದ್ರಂತ್ರೀ?"

ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ನಿಮಗೆ ಹೊಳೆದಿತ್ತೇ? ನಿಜ ಹೇಳಿ! ಮತ್ತೆ ತಿರುಗಿದ. ಕ್ಷೌರದಂಗಡಿಯವನು ಹೋಟೆಲಿನವನನ್ನು ತೋರಿಸಿದ. ಹೋಟೆಲಿನವನು ಮಾಸ್ತರರನ್ನು ತೋರಿಸಿದ. ಮಾಸ್ತರರು ತಲೆ ಕೆರೆದುಕೊಂಡರು: "ಹೋದ ವರ್ಷ ಸಾಲಿ ಗ್ಯಾದರಿಂಗದಾಗ ನೀವ ಭಾಷಣದಾಗ ಹೇಳಿದ್ರಲ್ರೀ ಸಾಹುಕಾರ್ರ!"

ನೋಡಿದಿರಾ? ಬಾಯಿ ಮುನ್ನೂರು, ನಾಲಿಗೆ ಒಂದೇ. ಅದೂ ಅವನದೇ!

ಬೆವರೊರೆಸಿಕೊಳ್ಳುತ್ತ ಬಾವಿಗೆ ಮರಳಿದ. ನಿಂಬೆವ್ವ ಅಂದಳು: "ಒಳಗ ಏಳನೇ ಮೆಟ್ಟಲದ ಹಂತೇಲಿ ಕಲ್ಲಿನ ಮ್ಯಾಲ ಅಕ್ಷರ ಅದಾವ್ರಿ. ನನಗ ಓದಾಕ ಬರಂಗಿಲ್ಲ. ನಿಮಗ ಬರತೈತಲ್ಲ?"

ಧೋತರ ಎತ್ತಿಕಟ್ಟಿ ಇಳಿದ. ಉಗುರಿನಿಂದ ಪಾಚಿ ಕೆರೆದ. 'ಮಡಿವಾಳರ ಸಾಯವ್ವ ತೀರಿದ ಮಗಳ ನೆನಪಿಗೆ ಕಟ್ಟಿಸಿದ ಬಾವಿ.' ಸಾಹುಕಾರ ಮೆಟ್ಟಿಲ ಮೇಲೆ ಕೂತ. ಪಾಚಿಯನ್ನು ಮತ್ತೆ ಮೆತ್ತಿಬಿಡಲೇ ಎನ್ನಿಸಿತು. ಯಾರು ನೋಡುತ್ತಾರೆ? ಮೇಲೆ ಕಾದಿರುವವಳಿಗೆ ಓದು ಬಾರದು!

"ಯಾರ ಹೆಸರೈತ್ರೀ?" ಮೇಲಿನಿಂದ ಕೂಗಿದಳು.

ಉಗುರಿನ ಪಾಚಿಯನ್ನು ನೀರಿಗೆ ಕೊಡವಿದ. "ಸಾಯವ್ವಂದು. ಮಡಿವಾಳರ ಸಾಯವ್ವ."

ನಿಂಬೆವ್ವನ ಕೈಯ ಸೀರೆ ಜಾರಿತು. "ನಮ್ಮಾಕಿ ಏನ್ರೀ?" ಎಂದವಳು ಬಾವಿಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಪುಸ್ತಕ ಬಂತು, ಸಾಯವ್ವನ ಹೆಸರಿನಲ್ಲೇ. ಮುತ್ತಜ್ಜನಿಗೂ ಒಂದು ಸಾಲು ಸಿಕ್ಕಿತು: 'ಈ ಬಾವಿಯ ನೀರು ಕುಡಿದವರಲ್ಲಿ ಒಬ್ಬರು.'

ನಗುತ್ತಿದ್ದೀರಿ, ನಗಿ. ನಿನ್ನೆ ನಿಮ್ಮ ಮೊಬೈಲಿಗೆ ಬಂದ ಸಕ್ಕರೆ ಕಾಯಿಲೆಯ ಔಷಧಿಯ ಸಂದೇಶವನ್ನು ಎಷ್ಟು ಮಂದಿಗೆ ದಾಟಿಸಿದಿರಿ? ಹತ್ತು ಗುಂಪಿನಲ್ಲಿ ಬಂದರೆ ಹತ್ತು ಸಾಕ್ಷಿಯಾಯಿತೇ? ನಾಳೆಯಿಂದ ತಲೆ ಎಣಿಸುವುದನ್ನು ಬಿಡಿ. ಮೊದಲು ಹೇಳಿದವರು ಯಾರು, ಅವರು ಕಂಡದ್ದೋ ಕೇಳಿದ್ದೋ, ವಿಚಾರಿಸಿ. ಮಾತು ನಿಮಗೇ ಸಿಹಿಯಾಗಿದ್ದರೆ ಎರಡು ಸಲ ವಿಚಾರಿಸಿ. ಉತ್ತರ ಸಿಗಲಿಲ್ಲವೇ? ಬೆರಳನ್ನು ಹಿಂದಕ್ಕೆ ತೆಗೆಯಿರಿ, ತಾಯಂದಿರೇ, ಅಣ್ಣಂದಿರೇ. ಮೌನದಿಂದ ಯಾರ ಮನೆಯೂ ಮುಳುಗಿಲ್ಲ.