ಅಲ್ಲಾಡೋ ಪಾವಟಿಗಿ

ಸುಳ್ಳಲ್ರಿ, ನಮ್ಮ ಕಾಕಾನ ಮಗ ಗಾಳೇಶಗ ಆಗಿದ್ದು. ದೀಪ ಇರ್ಲಿ, ಆರಸಬ್ಯಾಡ್ರಿ.

ಗಾಳೇಶ ಗೌಂಡಿ. ಭಾಗ್ಯನಗರದಾಗ ಮಂದಿ ಮನಿ ಕಟ್ಟಾಕ ಹೋಗ್ತಿದ್ದ. ನಮ್ಮೂರ ಬಾವಿಯೊಳಗ ನೀರಿಗೆ ಇಳಿಯೋ ಕಲ್ಲಿನ ಮೆಟ್ಲಾಗ ಒಂದು ಪಾವಟಿಗಿ ಅಲ್ಲಾಡ್ತಿತ್ತು. ಕಾಲಿಟ್ಟರ ಕಟಕ್ ಅಂತಿತ್ತು. "ಅದನ್ನೊಂದೀಟು ಕೂಡ್ಸೋ ತಮ್ಮಾ" ಅಂತ ನಮ್ಮ ದೊಡ್ಡವ್ವ ಮುದಕಮ್ಮ ಹೇಳಿ ಹೇಳಿ ಸಾಕಾದ್ಲು. ಇಂವ "ನಾಳಿ ದೊಡ್ಡವ್ವಾ" ಅಂತಿದ್ದ. ಒಂದಿನ ಆಕಿ ಅಲ್ಲೇ ಜಾರಿ ಬಿದ್ಲು. ಹೆಣ ಸಿಕ್ತು. ಕೈಯಾಗಿನ ತಾಮ್ರದ ಕೊಡ ಸಿಗಲಿಲ್ಲ.

ಅವತ್ತಿಂದ ಗಾಳೇಶ ಕೆಲಸ ಬಿಟ್ಟ. ರಾತ್ರಿ ಆತಂದ್ರ ಬಾವಿ ಕಟ್ಟಿ ಮ್ಯಾಲ ಕುಂತು ಅಳೋದು. ನನಗಂತೂ ತಲಿ ಕೆಟ್ಟು ಹೋಗಿತ್ತು. ಅತ್ತರ ಕಲ್ಲು ಕೂಡ್ತದೇನ್ರಿ? ಬಾಜೂ ಮನಿ ಫಕೀರಮ್ಮ, ದಿನ ತುಂಬಿದ ಬಸುರಿ, ಅದ ಕಲ್ಲಿನ ಮ್ಯಾಲ ಕಾಲಿಟ್ಟು ನೀರಿಗೆ ಇಳೀತಿದ್ಲು. ಇಂವ ನೋಡ್ಕೋಂತ ಅಳ್ತಿದ್ದ.

ಒಂದು ಅಮಾಸಿ. ಗಾಳಿ ಇಲ್ಲ. ಇಂವ ಅಳಾಕ ಹತ್ಯಾನ... ಕೆಳಗ ಸಪ್ಪಳ.

ಕಟಕ್...

"ಯಾರು?"

"ನಾನೋ." ಮುದಕಮ್ಮನ ದನಿ. ಮೆಲ್ಲಕ.

"ತಪ್ಪಾತು ದೊಡ್ಡವ್ವಾ..."

"ನಿನ್ನೀನೂ ಅದನ್ನ ಅಂದಿ." ಸತ್ತಾಕಿಗೂ ಬ್ಯಾಸರಾಗಿತ್ತು ನೋಡ್ರಿ. "ಕಲ್ಲು ಕೂಡ್ಸೋ ಥಾಪಿ ತಂದಿಯೇನು?"

"ಇಲ್ಲ... ನಾಳಿ..."

ಹಸೀ ಸೀರಿ ಚಪ್ ಚಪ್ ಅಂತ ಒಂದು ಪಾವಟಿಗಿ ಮ್ಯಾಲ ಬಂತು.

"ನಾಳಿ?" ಅಂದ್ಲು. ಅಷ್ಟ.

ಓಡಿ ಬಂದು ನಮ್ಮ ಬಾಗಿಲಾ ಬಡದ. ನನಗ ಹೆದರಿಕಿಗಿಂತ ಸಿಟ್ಟ ಜಾಸ್ತಿ. "ಅಳೋದಿದ್ರ ಅಳು, ಕೈ ನಿಲ್ಲಸಬ್ಯಾಡ" ಅಂದು ಸಿಮೆಂಟು, ಉಸುಕು, ಥಾಪಿ ಹೊರಸಿಕೊಂಡು ಕರಕೊಂಡು ಹೋದೆ. ಬಾವಿ ಮುಟ್ಟಿದ ಮ್ಯಾಲ ನೆನಪಾತು... ಕಲಸಾಕ ನೀರು? ಬಕೀಟೇ ತಂದಿಲ್ಲ.

ಫೋನಿನ ಬ್ಯಾಟ್ರಿ ಬೆಳಕ ಬಿಟ್ಟೆ. ಕಟ್ಟಿ ಮ್ಯಾಲ ಒಂದು ಕೊಡ ಇತ್ತು. ತುಂಬಿತ್ತು. ಟಪ್... ಟಪ್... ಅಂತ ಸೋರ್ತಿತ್ತು.

ಗಾಳೇಶ ಅದ ನೀರಿಲೆ ಕಲಸಿದ. ಅಳ್ಕೋಂತನ ಕಲ್ಲು ಕೂಡ್ಸಿದ. ಬೆಳಗಾಗುತ್ಲೆ ಫಕೀರಮ್ಮ ಬಂದ್ಲು. "ಇವತ್ತು ಇಳೀಬ್ಯಾಡವ್ವಾ, ಹಸಿ ಐತಿ" ಅಂದು ತಾನ ನೀರು ಸೇದಿ ಕೊಟ್ಟ. ಮರುದಿನ ಆಕಿ ಕಾಲಿಟ್ಲು. ಸಪ್ಪಳ ಬರಲಿಲ್ಲ.

ಈಗ ಕೆಲಸಕ್ಕ ಹೋಗ್ತಾನ. ಒಮ್ಮೊಮ್ಮೆ ಅಳ್ತಾನ, ಅಳ್ಲಿ. ನಾಳಿ ಅನ್ನೋದು ಮಾತ್ರ ಬಿಟ್ಟಾನ.

ನಂಬದಿದ್ರ ಏಳ್ರಿ, ಅಡಗಿ ಮನ್ಯಾಗ ಆ ಕೊಡ ಐತಿ. ಕಂಠದ ಮ್ಯಾಲ ಹೆಸರು ಕೊರಸ್ಯಾರ. ಮುದಕಮ್ಮ ಅಂತ.